ತೆಂಗಿನಕಾಯಿಗೆ ಗುಂಡು, ಪ್ರೋಟಾನಿಗೆ ಎಲೆಕ್ಟ್ರಾನ್

2008ರ ಸೆಪ್ಟೆಂಬರ್ 10 ನನಗೆ ಚೆನ್ನಾಗಿ ನೆನಪಿದೆ. ಕೊಡಗಿನ ಆಯುಧ ಹಬ್ಬ ಕೈಲ್‌ಪೊಳ್ದ್ ಮುಗಿದು ಒಂದು ವಾರವಾಗಿತ್ತು. ಟಿವಿಯಲ್ಲಿ ಬೆಳಗ್ಗೆಯಿಂದ ಒಂದೇ ಮಾತು. ಜಿನೀವಾ ಹತ್ತಿರ ನೆಲದಡಿ 27 ಕಿಲೋಮೀಟರ್ ಸುತ್ತಳತೆಯ ಯಂತ್ರ ಶುರುವಾಗುತ್ತದಂತೆ, ಕಪ್ಪುಕುಳಿ ಹುಟ್ಟಿ ಭೂಮಿಯನ್ನೇ ನುಂಗುತ್ತದಂತೆ. ಪಕ್ಕದ ತೋಟದ ಲೈನ್‌ಮನೆಯ ಅಜ್ಜಿಯೊಬ್ಬರು ಅವತ್ತು ಕೆಲಸಕ್ಕೆ ಹೋಗಲಿಲ್ಲ. ಮೊಮ್ಮಕ್ಕಳನ್ನು ಶಾಲೆಗೂ ಕಳಿಸದೆ, ಮಡಿಲಿಗೆ ಎಳೆದುಕೊಂಡು, ಹಗಲಲ್ಲೇ ದೀಪ ಹಚ್ಚಿ ಕುಳಿತಿದ್ದರು. ಆ ಮುಖ ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ. ಅಜ್ಜಿಯ ಮೇಲಲ್ಲ, ಅವರನ್ನು ಹೆದರಿಸಿದವರ ಮೇಲೆ.

ಪರಮಾಣುವಿನ ನಡುವಿರುವ ಪ್ರೋಟಾನ್ ಎಂಬ ಕಣಗಳನ್ನು ಜೋರಾಗಿ ಓಡಿಸಿ ಢಿಕ್ಕಿ ಹೊಡೆಸುವುದು ಆ ಯಂತ್ರದ ಕೆಲಸ. ಅದನ್ನು ಆಕಾಶ ಮೊದಲಿನಿಂದ ಮಾಡುತ್ತಲೇ ಇದೆ. ಬಾಹ್ಯಾಕಾಶದಿಂದ ಪ್ರೋಟಾನ್‌ಗಳು ಹಗಲೂ ರಾತ್ರಿ ಬಂದು ನಮ್ಮ ಗಾಳಿಗೆ ಬಡಿಯುತ್ತವೆ. 1991ರಲ್ಲಿ ಅಮೆರಿಕದ ಯೂಟಾದಲ್ಲಿ ಗುರುತಿಸಿದ ಒಂದೇ ಒಂದು ಕಣದಲ್ಲಿ ಸುಮಾರು 50 ಜೂಲ್ ಶಕ್ತಿ ಇತ್ತು. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಎಸೆದ ಕ್ರಿಕೆಟ್ ಚೆಂಡಿನಷ್ಟು! ಇಂಥ ಏಟು ತಿನ್ನುತ್ತಲೇ ಭೂಮಿ 450 ಕೋಟಿ ವರ್ಷ ಬಾಳಿದೆ.

ಆ ಗಲಾಟೆಯಲ್ಲಿ ಯಾರೂ ಹೇಳದೇ ಬಿಟ್ಟ ಸಂಗತಿ ಒಂದಿದೆ. ನನಗೆ ಪ್ರೀತಿ ಅದರ ಮೇಲೆ. ಕಣ್ಣಿಗೆ ಕಾಣದ ವಸ್ತುವನ್ನು ಹೊಡೆದು ನೋಡುವುದು ಹೇಗೆ?

ಕೈಲ್‌ಪೊಳ್ದಿನ ದಿನ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಕೋವಿಯಿಂದ ಹೊಡೆಯುತ್ತೇವಲ್ಲ, ಅದನ್ನೇ ನೆನೆಸಿಕೊಳ್ಳಿ. ಗುಂಡು ತಗುಲಿದರೆ ಚಿಪ್ಪು ಸಿಡಿಯುತ್ತದೆ, ನೀರು ಚಿಮ್ಮುತ್ತದೆ, ಕೇಕೆ ಏಳುತ್ತದೆ. ಈಗ ಅದೇ ಕಾಯಿಯನ್ನು ಮಡಿಕೇರಿಯ ಆಟಿ ತಿಂಗಳ ಮಂಜಿನಲ್ಲಿ ಕಟ್ಟಿ. ಮರವೂ ಕಾಣುವುದಿಲ್ಲ, ಕಾಯಿಯೂ ಕಾಣುವುದಿಲ್ಲ. ಸಾವಿರ ಗುಂಡು ಹೊಡೆಯಿರಿ. ಯಾವ ಗುಂಡು ನೇರ ಹೋಯಿತು, ಯಾವುದು ಸ್ವಲ್ಪ ವಾಲಿತು, ಯಾವುದು ಹಿಂದಕ್ಕೇ ಬಂತು, ಅದನ್ನಷ್ಟೇ ಬರೆದಿಡಿ. ಆ ಪಟ್ಟಿಯಿಂದಲೇ ಮಂಜಿನೊಳಗೆ ಏನಿದೆ, ಎಷ್ಟು ದಪ್ಪ, ಎಷ್ಟು ಗಟ್ಟಿ ಅಂತ ಹೇಳಬಹುದು. 1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ರುದರ್‌ಫೋರ್ಡ್ ಜೊತೆಗಿದ್ದ ಗೈಗರ್, ಮಾರ್ಸ್‌ಡೆನ್ ತೆಳು ಲೋಹದ ಹಾಳೆಯ ಮೇಲೆ, ವಿಕಿರಣ ವಸ್ತುವಿನಿಂದ ಚಿಮ್ಮುವ ಆಲ್ಫಾ ಕಣ ಹಾಯಿಸಿ ಮಾಡಿದ್ದು ಇದನ್ನೇ. ಹೆಚ್ಚಿನವು ಆರಾಮಾಗಿ ದಾಟಿಹೋದವು. ಸಾವಿರಾರಕ್ಕೆ ಒಂದು ಹಿಂದಕ್ಕೆ ಚಿಮ್ಮಿತು. ಆ ಒಂದೊಂದರ ಲೆಕ್ಕದಿಂದಲೇ 1911ರಲ್ಲಿ ಪರಮಾಣುವಿನ ನಡುವಿನ ಗಟ್ಟಿ ತಿರುಳು, ನ್ಯೂಕ್ಲಿಯಸ್, ಸಿಕ್ಕಿತು.

ಗುರಿ ಎಷ್ಟು ಸಣ್ಣದು ಗೊತ್ತಾ? ಹೈಡ್ರೋಜನ್ ಪರಮಾಣುವನ್ನು 100 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿ, ಹೆಚ್ಚುಕಡಿಮೆ ಇಡೀ ಕೊಡಗಿನಷ್ಟು. ಅದರ ನಡುವಿನ ಪ್ರೋಟಾನ್ ಆಗಲೂ ಮಡಿಕೇರಿಯಲ್ಲಿ ನಿಂತ ಒಬ್ಬ ಆಳಿನಷ್ಟೇ ಇರುತ್ತದೆ.

ಆ ಆಳಿನ ಒಳಗೇನಿದೆ? ಇಲ್ಲಿ ನನಗೆ ತೆಂಗಿನಕಾಯಿಗಿಂತ ಕಾಫಿ ಚೀಲ ಜಾಸ್ತಿ ಇಷ್ಟ. ಒಂದು ಗೋಣಿಯಲ್ಲಿ ಚೆರಿ ತುಂಬಿದೆ, ನಡುವೆ ಯಾರೋ ಕಲ್ಲು ಸೇರಿಸಿದ್ದಾರೆ ಅಂತ ಅನುಮಾನ. ಬಾಯಿ ಬಿಚ್ಚುವಂತಿಲ್ಲ. ಒನಕೆಯಿಂದ ತಿವಿದರೆ ಚೀಲ ಇಲ್ಲಿಂದ ಇಲ್ಲಿಯವರೆಗೆ ಇದೆ ಅಂತ ಮಾತ್ರ ತಿಳಿಯುತ್ತದೆ. 1950ರ ದಶಕದಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ರಾಬರ್ಟ್ ಹಾಫ್‌ಸ್ಟಾಟರ್ ಎಲೆಕ್ಟ್ರಾನ್‌ಗಳಿಂದ ತಿವಿದು ಕಂಡಿದ್ದು ಅಷ್ಟು. ಪ್ರೋಟಾನ್ ಬರೀ ಚುಕ್ಕಿಯಲ್ಲ, ಅದಕ್ಕೊಂದು ಗಾತ್ರವಿದೆ. ಅದೂ ಸಣ್ಣ ಮಾತಲ್ಲ, 1961ರಲ್ಲಿ ನೊಬೆಲ್ ಬಂತು.

ಒನಕೆ ಬಿಟ್ಟು ದಬ್ಬಣ ಹಿಡಿಯಿರಿ. ಮೆತ್ತಗೆ ಇಳಿಯುತ್ತದೆ, ಇಳಿಯುತ್ತದೆ, ಒಮ್ಮೆಲೇ ಟಕ್ ಅಂತ ನಿಂತು ಕೈ ಪಕ್ಕಕ್ಕೆ ಜಾರುತ್ತದೆ. ಕಲ್ಲು! ಎಲೆಕ್ಟ್ರಾನ್ ಅಲೆಯೂ ಹೌದು. ಶಕ್ತಿ ಹೆಚ್ಚಾದಷ್ಟೂ ಅಲೆ ಚಿಕ್ಕದಾಗುತ್ತದೆ, ಅಂದರೆ ದಬ್ಬಣ ಚೂಪಾಗುತ್ತದೆ. ಅದಕ್ಕಾಗಿಯೇ ಸ್ಟ್ಯಾನ್‌ಫರ್ಡಿನಲ್ಲಿ 3 ಕಿಲೋಮೀಟರಿಗೂ ಉದ್ದದ ಯಂತ್ರ ಕಟ್ಟಿದರು. ಗುರಿಗೆ ಇಟ್ಟಿದ್ದು ಮೈನಸ್ 253 ಡಿಗ್ರಿಯ ದ್ರವ ಹೈಡ್ರೋಜನ್. ಯಾಕೆ ಅದೇ? ಹೈಡ್ರೋಜನ್ನಿನ ನ್ಯೂಕ್ಲಿಯಸ್ ಅಂದರೆ ಒಂಟಿ ಪ್ರೋಟಾನ್. ಬೇರೆ ಯಾವುದರ ಕಲಬೆರಕೆಯೂ ಇಲ್ಲ.

ಪ್ರೋಟಾನ್ ಒಳಗೆಲ್ಲ ಮೆತ್ತಗಿದ್ದಿದ್ದರೆ, ಜಾಸ್ತಿ ಶಕ್ತಿ ಕಳೆದುಕೊಂಡು ಅಗಲವಾಗಿ ತಿರುಗುವ ಎಲೆಕ್ಟ್ರಾನ್ ತೀರಾ ವಿರಳವಾಗಬೇಕಿತ್ತು. 1968ರ ಹೊತ್ತಿಗೆ ಫ್ರೀಡ್‌ಮನ್, ಕೆಂಡಲ್, ಟೇಲರ್ ತಂಡಕ್ಕೆ ಅಂಥವು ರಾಶಿ ರಾಶಿ ಸಿಕ್ಕವು. ಒಳಗೆ ಗಟ್ಟಿ ಕಾಳುಗಳಿದ್ದವು. ನನಗೆ ರೋಮಾಂಚನವಾಗುವುದು ಮುಂದಿನ ಮಾತಿಗೆ. ದಬ್ಬಣ ಚೂಪು ಮಾಡುತ್ತಾ ಹೋದರೂ ಏಟಿನ ರೀತಿ ಹೆಚ್ಚು ಬದಲಾಗಲಿಲ್ಲ. ಚೀಲಕ್ಕೆ ಗಾತ್ರ ಸಿಕ್ಕಿತ್ತು, ಕಾಳಿಗೆ ಗಾತ್ರವೇ ಸಿಗಲಿಲ್ಲ! ಅದು ಚುಕ್ಕಿಯಂತೆಯೇ ನಡೆದುಕೊಂಡಿತು. 1964ರಲ್ಲಿ ಗೆಲ್‌ಮನ್, ಜ್ವೈಗ್ ಇಬ್ಬರೂ ಬೇರೆಬೇರೆಯಾಗಿ ಕಾಗದದ ಮೇಲೆ ಬರೆದಿದ್ದ ಕ್ವಾರ್ಕ್‌ಗಳು ಇವೇ ಅಂತ ನಿಧಾನಕ್ಕೆ ಎಲ್ಲರೂ ಒಪ್ಪಿದರು. ಇನ್ನೊಂದು ಲೆಕ್ಕವೂ ಹೊರಬಿತ್ತು. ಓಡುವ ಪ್ರೋಟಾನಿನ ಸಂವೇಗದಲ್ಲಿ ಕ್ವಾರ್ಕ್‌ಗಳ ಪಾಲು ಅರ್ಧದಷ್ಟೇ. ಉಳಿದರ್ಧ ಕ್ವಾರ್ಕ್‌ಗಳನ್ನು ಅಂಟಿನಂತೆ ಹಿಡಿದಿಡುವ ಗ್ಲೂಆನ್‌ಗಳದ್ದು. ಅವಕ್ಕೆ ವಿದ್ಯುದಂಶ ಇಲ್ಲ, ಹಾಗಾಗಿ ಎಲೆಕ್ಟ್ರಾನಿನ ಕೈಗೆ ನೇರವಾಗಿ ಸಿಗುವುದಿಲ್ಲ. ಶಾಲೆಯ ಚಿತ್ರದಲ್ಲಿ ಮೂರು ಬಣ್ಣದ ಗೋಲಿ ಬರೆದು ಪ್ರೋಟಾನ್ ಮುಗಿಯಿತು ಅನ್ನುತ್ತಾರೆ. ಹಾಗೆ ಮುಗಿಸಬೇಡಿ ಅಂತ ಮೇಷ್ಟ್ರುಗಳಲ್ಲಿ ಕೇಳಿಕೊಳ್ಳುತ್ತೇನೆ.

ಇನ್ನೊಂದು ತಪ್ಪನ್ನೂ ಬಿಡಿಸಿ ಹೇಳಬೇಕು. ಎರಡು ಪ್ರೋಟಾನ್ ಢಿಕ್ಕಿ ಹೊಡೆದಾಗ ಹೊರಬರುವುದೆಲ್ಲ ಒಳಗಿದ್ದ ಚೂರುಗಳಲ್ಲ. ಎರಡು ಕಾಫಿ ಹಣ್ಣು ಗುದ್ದಿಕೊಂಡು ಅಲ್ಲಿಂದ ಒಂದು ಕೊಡಗಿನ ಕಿತ್ತಳೆ ಉರುಳಿ ಬಂದರೆ ಹೇಗೆ? ಢಿಕ್ಕಿಯ ಶಕ್ತಿಯೇ ಹೊಸ ಕಣವಾಗಿ ಹುಟ್ಟುತ್ತದೆ. 2012ರಲ್ಲಿ ಸಿಕ್ಕ ಹಿಗ್ಸ್ ಕಣ ಒಂದು ಪ್ರೋಟಾನಿಗಿಂತ 130 ಪಟ್ಟಿಗೂ ಜಾಸ್ತಿ ಭಾರ. ಅದು ಪ್ರೋಟಾನಿನೊಳಗೆ ಅಡಗಿ ಕೂತಿರಲು ಹೇಗೆ ಸಾಧ್ಯ, ಅಲ್ವಾ? ಅದನ್ನು ದೇವಕಣ ಅಂತ ಕರೆದು ಕೈಮುಗಿಯುವ ಅಗತ್ಯವೂ ಇಲ್ಲ.

ಕಣ ಅಂದರೆ ನಮಗೆ ಮೊದಲು ನೆನಪಾಗುವುದು ಕಾಫಿ ಒಣಗಿಸುವ ಅಂಗಳ. ಜನವರಿಯ ಬಿಸಿಲಿನಲ್ಲಿ ಅಲ್ಲಿ ನಿಂತು ಅಂಗೈ ಚಾಚಿ. ಹೆಚ್ಚುಕಡಿಮೆ ಸೆಕೆಂಡಿಗೊಂದರಂತೆ ಮ್ಯುಯಾನ್ ಕೈಯನ್ನು ದಾಟಿ, ಕೆಳಗಿನ ಚೆರಿ, ಸಿಮೆಂಟು ಎಲ್ಲ ದಾಟಿ ಮಣ್ಣಿಗೆ ಇಳಿಯುತ್ತಿರುತ್ತದೆ. ಮೇಲೆ ಗಾಳಿಗೆ ಬಡಿದ ಪ್ರೋಟಾನ್‌ಗಳಿಂದ ಹುಟ್ಟಿದ ಕಣ ಅದು. ಮ್ಯುಯಾನ್ ಎಲೆಕ್ಟ್ರಾನಿನ ಅಣ್ಣ ಇದ್ದಂತೆ, 207 ಪಟ್ಟು ಭಾರ. ಹೈಡ್ರೋಜನ್ನಿನಲ್ಲಿ ಎಲೆಕ್ಟ್ರಾನ್ ತೆಗೆದು ಮ್ಯುಯಾನ್ ಕೂರಿಸಿದರೆ ಅದು ಪ್ರೋಟಾನಿಗೆ ತೀರಾ ಹತ್ತಿರದಲ್ಲಿ ಸುತ್ತುತ್ತದೆ, ಅದರ ಗಾತ್ರಕ್ಕೆ ಜಾಸ್ತಿ ಸ್ಪಂದಿಸುತ್ತದೆ. 2010ರಲ್ಲಿ ಸ್ವಿಜರ್ಲೆಂಡಿನಲ್ಲಿ ಹೀಗೆ ಅಳೆದಾಗ ಪ್ರೋಟಾನಿನ ತ್ರಿಜ್ಯ 0.84 ಫೆಮ್ಟೋಮೀಟರ್ ಬಂತು (ಒಂದು ಫೆಮ್ಟೋಮೀಟರ್ ಅಂದರೆ ಮಿಲಿಮೀಟರಿನ ಲಕ್ಷ ಕೋಟಿಯಲ್ಲೊಂದು ಪಾಲು). ಅಲ್ಲಿಯವರೆಗೆ ಎಲ್ಲರೂ ನಂಬಿದ್ದು 0.88 ಹತ್ತಿರದ ಸಂಖ್ಯೆ. ಇಷ್ಟು ವ್ಯತ್ಯಾಸಕ್ಕೆ ವರ್ಷಗಟ್ಟಲೆ ಜಗಳ ನಡೆಯಿತು. ಹೊಸ ಬಲವೇ ಇರಬಹುದಾ ಅಂತಲೂ ಕೆಲವರು ಆಸೆಪಟ್ಟರು. ಕೊನೆಗೆ ಹಳೆಯ ದಬ್ಬಣವನ್ನೇ, ಅಂದರೆ ಎಲೆಕ್ಟ್ರಾನನ್ನೇ, ಇನ್ನೂ ಜೋಪಾನವಾಗಿ ಬಳಸಿ ಮತ್ತೆ ತಿವಿದು ನೋಡಿದರು. 2019ರಲ್ಲಿ ಬಂದ ಆ ಉತ್ತರ ಮ್ಯುಯಾನ್ ಹೇಳಿದ್ದರ ಪಕ್ಕಕ್ಕೇ ಬಂದು ನಿಂತಿತು.