ಕಿಲ್‌ಪೆಕ್ ಚರ್ಚಿನ ಸೂರಿನಡಿಯ ಹೆಂಗಸು ದೇವತೆಯೇ?

ಪ್ರಶ್ನೆ: ಇಂಗ್ಲೆಂಡಿನ ಕಿಲ್‌ಪೆಕ್ ಹಳ್ಳಿಯ ಹಳೇ ಚರ್ಚಿನ ಗೋಡೆಯಲ್ಲಿ ಬೆತ್ತಲೆ ಹೆಂಗಸಿನ ಶಿಲ್ಪವಿದೆಯಲ್ಲ, ಅದು ಕ್ರೈಸ್ತಮತ ಬರುವ ಮುಂಚಿನ ದೇವತೆಯಂತೆ. ಹೌದೇ?

ಅಲ್ಲ. ಆ ಫೋಟೊ ವಾಟ್ಸಾಪಿನಲ್ಲಿ ಒಂದು ಸುತ್ತು ಹೊಡೆದಾಗಲೆಲ್ಲ ಇದೇ ಪ್ರಶ್ನೆ. ಈ ಸಲ ಉದ್ದವಾಗಿಯೇ ಹೇಳಿಬಿಡುತ್ತೇನೆ.

ಹೆರೆಫರ್ಡ್‌ಶೈರಿನ ಈ ಪುಟ್ಟ ಚರ್ಚು ಎದ್ದದ್ದು 1140ರ ಆಸುಪಾಸಿನಲ್ಲಿ, ನಾರ್ಮನ್ನರ ಕಾಲದಲ್ಲಿ. ಧರ್ಮಪ್ರಚಾರಕ್ಕೆಂದು ಅಗಸ್ಟೀನ್ ಇಂಗ್ಲೆಂಡಿಗೆ ಬಂದಿಳಿದದ್ದು 597ರಲ್ಲಿ. ಮಧ್ಯೆ ಐನೂರು ವರ್ಷಕ್ಕೂ ಮಿಕ್ಕಿ ಕಳೆದಿದೆ. ಇಷ್ಟಾದ ಮೇಲೂ ಯಾವನೋ ಶಿಲ್ಪಿ ಪಾದ್ರಿಯ ಕಣ್ಣು ತಪ್ಪಿಸಿ ತನ್ನ ಕುಲದೇವತೆಯನ್ನು ಕೂರಿಸಿಬಿಟ್ಟ ಎನ್ನುವವರು ಒಮ್ಮೆ ತಲೆಯೆತ್ತಿ ಗೋಡೆ ನೋಡಲಿ. ಅವಳು ಕೂತಿರುವುದು ಬಲಿಪೀಠವನ್ನು ಬಳಸಿದ ಅರ್ಧವೃತ್ತದ ಹೊರಗೋಡೆಯ ಮೇಲೆ, ಸೂರನ್ನು ಹೊತ್ತ ಚಾಚುಗಲ್ಲುಗಳ ಸಾಲಿನಲ್ಲಿ. ಇದರಲ್ಲಿ ಗುಟ್ಟೆಲ್ಲಿ ಬಂತು? ಅಂಥ 85 ಕಲ್ಲುಗಳು ಉಳಿದಿವೆ. ಒಂದರಲ್ಲಿ ನಾಯಿ ಮತ್ತು ಮೊಲ ಜೊತೆಯಾಗಿ ಕೂತಿವೆ, ಇನ್ನೊಂದರಲ್ಲಿ ಒಬ್ಬ ತಂತಿವಾದ್ಯ ನುಡಿಸುತ್ತಿದ್ದಾನೆ, ಮತ್ತೊಂದರಲ್ಲಿ ಶಿಲುಬೆ ಹೊತ್ತ ಕುರಿಮರಿ, ಅಂದರೆ ಕ್ರಿಸ್ತನ ಸಂಕೇತ. ಎಲ್ಲವೂ ಅದೇ ಕೆಂಪು ಮರಳುಗಲ್ಲು, ಅದೇ ತಂಡದ ಉಳಿ. ಕುರಿಮರಿ ಚರ್ಚಿನದು, ಹೆಂಗಸು ಮಾತ್ರ ಹೊರಗಿನವಳು ಎಂದರೆ ಹೇಗೆ?

ಸ್ಪೇನಿನ ಸೆರ್ವಾತೋಸ್‌ಗೆ ಹೋದರೆ ಅಲ್ಲಿನ ರೋಮನೆಸ್ಕ್ (ಕಿಲ್‌ಪೆಕ್ ಕಾಲದ ಯುರೋಪಿನ ಕಟ್ಟಡಶೈಲಿ) ಚರ್ಚಿನ ಸೂರಿನಡಿ ಇಂಥ ಹೆಂಗಸರಷ್ಟೇ ಅಲ್ಲ, ಗಂಡಸರೂ ಸಿಗುತ್ತಾರೆ. ಅವರನ್ನು ಯಾರೂ ದೇವರು ಮಾಡಲಿಲ್ಲ, ಪಾಪ! ಇವಳು ಸಂತಾನ, ಬೆಳೆ ಕೊಡುವ ಫಲದೇವತೆ ಎಂಬ ವಾದಕ್ಕೆ ಬಲ ಬಂದದ್ದು 20ನೇ ಶತಮಾನದಲ್ಲಿ, ಪುರಾತತ್ವಜ್ಞೆ ಮಾರ್ಗರೆಟ್ ಮರ್ರೆಯಂಥವರ ಬರಹಗಳಿಂದ. ಈ ಶಿಲ್ಪ ಕಾಮದ ಪಾಪದ ಬಗ್ಗೆ ಎಚ್ಚರಿಕೆಯೋ, ಕೆಟ್ಟದೃಷ್ಟಿ ತಾಗದಿರಲೆಂದು ಇಟ್ಟದ್ದೋ ಎಂದು ವಿದ್ವಾಂಸರು ಜಗಳವಾಡುತ್ತಾರೆ. ಆಡಲಿ, ಅದು ಆಡಬೇಕಾದ ಜಗಳವೇ. ನನ್ನ ಒಲವು ಎಚ್ಚರಿಕೆಯ ಕಡೆಗೆ.

ನೀವು ಕೇಳಬೇಕಿದ್ದ ಪ್ರಶ್ನೆ ಬೇರೆ: ಸ್ಪೇನಿನ ಛಾಯೆ ಈ ಮೂಲೆಯ ಹಳ್ಳಿಗೆ ಬಂದದ್ದು ಹೇಗೆ? ಅದೇ ಸೀಮೆಯ ಶಾಬ್ಡನ್‌ನಲ್ಲಿ ಚರ್ಚು ಕಟ್ಟಿಸಿದ ಆಲಿವರ್ ದ ಮರ್ಲಿಮಾಂಡ್ ಸ್ಪೇನಿನ ಸ್ಯಾಂಟಿಯಾಗೊಕ್ಕೆ ಯಾತ್ರೆ ಹೋಗಿಬಂದವನು. ಶಾಬ್ಡನ್ನಿನ ಕಲ್ಲುಕೆಲಸಕ್ಕೂ ಕಿಲ್‌ಪೆಕ್‌ನದಕ್ಕೂ ದಾಯಾದಿ ಹೋಲಿಕೆಯಿದೆ. ಕಿಲ್‌ಪೆಕ್‌ನ ಒಳಗಿನ ಕಮಾನಿನ ಎರಡೂ ಬದಿಯ ಕಂಬಗಳಲ್ಲಿ ಒಬ್ಬರ ಮೇಲೊಬ್ಬರಂತೆ ಮೂವರು ಸಂತರು ನಿಂತಿದ್ದಾರೆ. ಸ್ಯಾಂಟಿಯಾಗೊದ ಮಹಾಚರ್ಚಿನ ದಕ್ಷಿಣ ಬಾಗಿಲಿನ ಕಂಬಗಳಲ್ಲೂ ಹೀಗೆಯೇ ಸಂತರನ್ನು ಅಂತಸ್ತು ಅಂತಸ್ತಾಗಿ ನಿಲ್ಲಿಸಿದ್ದಾರೆ. ಕಿಲ್‌ಪೆಕ್‌ಗೆ ಹೋದವರಲ್ಲಿ ಹೆಚ್ಚಿನವರು ಹೊರಗಿನ ಹೆಂಗಸಿನ ಫೋಟೊ ಹೊಡೆದುಕೊಂಡು, ಒಳಗಿನ ಈ ಕಮಾನನ್ನು ನೋಡದೆಯೇ ಬಂದಿರುತ್ತಾರೆ.