ಭಾವ ತಂದ ಪ್ಯೂಟರ್ ಮಗ್ಗು

ಇಂಗ್ಲೆಂಡಲ್ಲಿರೋ ನಮ್ಮ ಭಾವ ಹೋದ್ಸಲ ಊರಿಗೆ ಬಂದಾಗ ಒಂದು ಹಳೇ ಮಗ್ಗು ತಂದಿದ್ರು, ಅಲ್ಲಿ ಭಾನುವಾರ ಜನ ಮನೆಯ ಹಳೇ ಸಾಮಾನೆಲ್ಲ ಕಾರಿನ ಡಿಕ್ಕಿಯಲ್ಲಿ ಹರಡಿಕೊಂಡು ಮಾರ್ತಾರಂತೆ, ಅಂಥ ಕಡೆ ಚೌಕಾಸಿ ಮಾಡಿ ತಗೊಂಡಿದ್ದು. ಬೂದು ಬಣ್ಣ, ಮೈಯೆಲ್ಲ ನೆಗ್ಗು, ಹಿಡಿ ಸ್ವಲ್ಪ ಸೊಟ್ಟ, ಕೈಗೆ ತಗೊಂಡ್ರೆ ಒಳ್ಳೇ ತೂಕ. ಬಾಯಿ ಅಂಚಿನ ಹತ್ರ ಪುಟಾಣಿ ಕಿರೀಟ, ಜೊತೆಗೆ ವಿ.ಆರ್. ಅನ್ನೋ ಅಕ್ಷರ. "ನೋಡೋ, ವಿಕ್ಟೋರಿಯಾ ರಾಣಿ ಕಾಲದ್ದು, ಸರ್ಕಾರಿ ಸೀಲೇ ಇದೆ, ಇವತ್ತು ಬಿಯರ್ ಇದ್ರಲ್ಲೇ" ಅಂದ್ರು. ನಾನು "ಭಾವ, ಒಂದ್ನಿಮಿಷ ತಡೀರಿ, ಹಳೇ ಪ್ಯೂಟರಲ್ಲಿ ಸೀಸ ಇರಬಹುದು, ಅದು ವಿಷ" ಅಂದೆ.

ಸೀಲೇನೋ ನಿಜವೇ. ಆದ್ರೆ ಅದು ಹೇಳೋದು ಅಳತೆ ಬಗ್ಗೆ ಮಾತ್ರ, ಪಬ್ಬಿನವನು ಗಿರಾಕಿಗೆ ಮೋಸ ಮಾಡದೆ ಪೂರ್ತಿ ಒಂದು ಪಿಂಟ್ ಅಂದ್ರೆ 568 ಮಿಲಿ ಕೊಡ್ತಿದಾನೆ ಅಂತ, ನಮ್ಮಲ್ಲಿ ಪಾವು ಸೇರಿಗೆ ಮುದ್ರೆ ಹೊಡೀತಿದ್ರಲ್ಲ ಹಾಗೆ. ಲೋಹ ಎಂಥದ್ದು ಅನ್ನೋದಕ್ಕೂ ಅದಕ್ಕೂ ಸಂಬಂಧನೇ ಇಲ್ಲ.

ಪ್ಯೂಟರ್ ಅಂದ್ರೆ ಮುಖ್ಯವಾಗಿ ತವರ, ಪಾತ್ರೆಗೆ ಕಲಾಯಿ ಹಾಕ್ತಾರಲ್ಲ ಅದೇ ತವರ. ಬರೀ ತವರ ತುಂಬಾ ಮೆತ್ತಗೆ, ಅದಕ್ಕೇ ಸ್ವಲ್ಪ ತಾಮ್ರನೋ ಆಂಟಿಮನಿನೋ ಸೇರಿಸಿ ಗಟ್ಟಿ ಮಾಡ್ತಾರೆ. ತವರ ದುಬಾರಿ, ಸೀಸ ಅಗ್ಗ, ಸೀಸ ಬೆರೆಸಿದ್ರೆ ಕಡಿಮೆ ಬಿಸಿಯಲ್ಲೇ ಕರಗಿ ಅಚ್ಚಿಗೆ ಸಲೀಸಾಗಿ ಹರಿಯುತ್ತೆ, ಇನ್ನೇನು ಬೇಕು. ಲಂಡನ್ನಿನ ಪ್ಯೂಟರ್ ಕೆಲಸದವರ ಸಂಘ 1348ರಲ್ಲೇ ಇದಕ್ಕೆ ನಿಯಮ ಬರ್ಕೊಂಡಿತ್ತು: ತಾಮ್ರ ಬೆರೆಸಿದ ತವರ ಮೇಲ್ದರ್ಜೆ, ಸೀಸ ಬೆರೆಸಿದ್ದು ಕೆಳದರ್ಜೆ. ತಟ್ಟೆ ಮೇಲೆ ಚಾಕು ಆಡುತ್ತೆ, ಹಾಗಾಗಿ ತಟ್ಟೆಗೆ ಗಟ್ಟಿ ಲೋಹನೇ ಬೇಕು, ಆದ್ರೆ ಮಗ್ಗನ್ನ ಯಾರೂ ಕೊಯ್ಯಲ್ಲ, ಹಾಗಾಗಿ ಕುಡಿಯೋ ಪಾತ್ರೆ, ಅಳತೆ ಪಾತ್ರೆಗಳಿಗೆ ಕಳಪೆ ಮಾಲು ನಡೀತಿತ್ತು, ಅಗ್ಗದ ದರ್ಜೆಯಲ್ಲಿ ಐದನೇ ಒಂದು ಭಾಗದಷ್ಟು ಸೀಸ ಇರೋದೂ ಉಂಟು. ನನ್ನ ಕೇಳಿದ್ರೆ ಇದೇ ವಿಚಿತ್ರ, ಯಾವುದರಲ್ಲಿ ಹುಳಿ ದ್ರವ ನಿಂತಿರುತ್ತೋ ಅದಕ್ಕೇ ಸೀಸ ಜಾಸ್ತಿ.

ಹುಳಿ ಯಾಕೆ ಮುಖ್ಯ ಅಂದ್ರೆ, ಸೀಸ ಶುದ್ಧ ನೀರಿಗಿಂತ ಆಸಿಡ್‌ಗೆ ಬೇಗ ಬಿಟ್ಕೊಳ್ಳುತ್ತೆ. ಹುಳಿ ಅಳೆಯೋ ಲೆಕ್ಕ ಪಿಎಚ್, ಅದು 7ಕ್ಕಿಂತ ಕೆಳಗೆ ಇಳಿದಷ್ಟೂ ಹುಳಿ ಜಾಸ್ತಿ. ಬಿಯರಿನ ಪಿಎಚ್ ಸುಮಾರು 4ರಿಂದ 4.5, ಸೇಬಿನ ಸೈಡರ್ ಅದಕ್ಕಿಂತ ಹುಳಿ. ಸೈಡರ್ ಅಂದಾಗ ಇಂಗ್ಲೆಂಡಿನ ಡೆವನ್ ಕಥೆ ಹೇಳ್ಲೇಬೇಕು. 18ನೇ ಶತಮಾನದಲ್ಲಿ ಅಲ್ಲಿನ ಜನಕ್ಕೆ ಸೈಡರ್ ಸೀಸನ್ ಬಂತಂದ್ರೆ ವಿಪರೀತ ಹೊಟ್ಟೆಶೂಲೆ, ಮಲಬದ್ಧತೆ, ಕೆಲವರಿಗೆ ಕೈ ಮಣಿಕಟ್ಟು ಮೇಲೆತ್ತೋಕೇ ಆಗ್ತಿರ್ಲಿಲ್ಲ. ಹುಳಿ ಸೈಡರೇ ಕಾರಣ ಅಂತ ಸುಮಾರು ಜನ ನಂಬಿದ್ರು. ಅದೇ ಡೆವನ್ನಿನಲ್ಲಿ ಹುಟ್ಟಿದ ಡಾಕ್ಟರ್ ಜಾರ್ಜ್ ಬೇಕರ್ ಸೈಡರನ್ನ ಪರೀಕ್ಷೆ ಮಾಡಿ, ಸೇಬು ಹಿಂಡೋ ಯಂತ್ರದಲ್ಲಿ ಬಳಸಿದ ಸೀಸ ರಸಕ್ಕೆ ಇಳೀತಿದೆ ಅಂತ 1767ರಲ್ಲಿ ತೋರಿಸಿದ. ತನ್ನ ಊರಿನವರೇ ಅವನ ಮೇಲೆ ಕೆಂಡ ಕಾರಿದ್ರು, ವ್ಯಾಪಾರದ ಪ್ರಶ್ನೆ ತಾನೇ. ಆಮೇಲೆ ಯಂತ್ರದಿಂದ ಸೀಸ ತೆಗೀತಾ ಬಂದ ಹಾಗೆ ಕಾಯಿಲೆನೂ ಇಳೀತು.

ಹಾಗಂತ ಒಂದು ಮಗ್ಗು ಬಿಯರ್ ಕುಡಿದ ತಕ್ಷಣ ಯಾರೂ ಬಿದ್ದು ಹೋಗಲ್ಲ. ಹತ್ತು ನಿಮಿಷ ಮಗ್ಗಲ್ಲಿದ್ದ ಬಿಯರಿಗೂ ರಾತ್ರಿಯೆಲ್ಲ ಅದರಲ್ಲೇ ಇದ್ದ ಸೈಡರಿಗೂ ತುಂಬಾ ವ್ಯತ್ಯಾಸ ಇದೆ, ಹೊತ್ತು ಜಾಸ್ತಿಯಾದಷ್ಟೂ, ಬಿಸಿ ಜಾಸ್ತಿಯಾದಷ್ಟೂ ಸೀಸ ಜಾಸ್ತಿ ಇಳಿಯುತ್ತೆ. ಸಮಸ್ಯೆ ಇರೋದು ದಿನಾ ಕುಡಿಯೋದ್ರಲ್ಲಿ. ಸೀಸ ನೋಡೋಕೆ ಕ್ಯಾಲ್ಸಿಯಂ ಥರ ನಟನೆ ಮಾಡುತ್ತೆ, ದೇಹ ಮೋಸ ಹೋಗಿ ಅದನ್ನ ತಗೊಂಡೋಗಿ ಮೂಳೆಯಲ್ಲಿ ಇಟ್ಕೊಳ್ಳುತ್ತೆ, ರಕ್ತದಲ್ಲಿರೋದು ತಿಂಗಳುಗಳಲ್ಲಿ ಇಳಿದ್ರೂ ಮೂಳೆಯಲ್ಲಿರೋದು ದಶಕಗಟ್ಟಲೆ ಅಲ್ಲೇ ಕೂತಿರುತ್ತೆ. ಮಕ್ಕಳು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಹೀರ್ಕೋತಾರೆ. ಇಷ್ಟು ಸೀಸ ಇದ್ರೆ ಪರವಾಗಿಲ್ಲ ಅನ್ನೋ ಮಟ್ಟನೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಕುಡಿಯೋ ನೀರಿಗೆ ನಮ್ಮಲ್ಲಿ ಐಎಸ್‌ಐ ಮುದ್ರೆ ಕೊಡೋ ಬಿಐಎಸ್ ಹಾಕಿರೋ ಮಿತಿ ಲೀಟರಿಗೆ 0.01 ಮಿಲಿಗ್ರಾಂ.

ಈಗ ತಯಾರಾಗೋ ಪ್ಯೂಟರ್ ಮಗ್ಗಿನ ಕಥೆ ಬೇರೆ. 1770ರ ಆಸುಪಾಸಲ್ಲಿ ಶೆಫೀಲ್ಡಿನಲ್ಲಿ ಬ್ರಿಟಾನಿಯಾ ಮೆಟಲ್ ಅಂತ ಬಂತು, ಸುಮಾರು 92 ಭಾಗ ತವರ, 6 ಆಂಟಿಮನಿ, 2 ತಾಮ್ರ, ಸೀಸ ಹಾಕೋ ಅಗತ್ಯನೇ ಇಲ್ಲ. ಈಗಿನವೂ ಹೆಚ್ಚುಕಮ್ಮಿ ಅದೇ ಜಾತಿ. ಊಟಕ್ಕೆ ಕುಡಿಯೋಕೆ ಅಂತಲೇ ಸೀಸರಹಿತವಾಗಿ ಮಾಡಿದ್ದಾದ್ರೆ ಅದರಲ್ಲಿ ಬಿಯರ್ ಕುಡಿಯೋಕೆ ಭಯ ಬೇಡ.

ಇಲ್ಲಿ ನಮ್ಮ ಅಕ್ಕ ಬಾಯಿ ಹಾಕಿದ್ಳು, "ಹಾಗಾದ್ರೆ ಪಕ್ಕದ್ಮನೆಯವರ ಈಯದ ಚೊಂಬು?" ಅಂತ. ಒಳ್ಳೇ ಪ್ರಶ್ನೆ. ತಮಿಳಿನಲ್ಲಿ ಈಯಂ ಅನ್ನೋದು ತವರಕ್ಕೂ ಆಗುತ್ತೆ ಸೀಸಕ್ಕೂ ಆಗುತ್ತೆ, ಬಿಳೀದು ವೆಳ್ಳೀಯಂ ಅಂದ್ರೆ ತವರ, ಕರೀದು ಕಾರೀಯಂ ಅಂದ್ರೆ ಸೀಸ. ರಸಂ ಮಾಡೋ ಚೊಂಬು ತವರದ್ದಿರ್ಬೇಕು. ಹುಣಸೆಹುಳಿ, ಟೊಮ್ಯಾಟೊ, ಬಿಸಿ ಮೂರೂ ಸೇರೋ ಜಾಗ ಅದು, ಅಲ್ಲಿ ಸೀಸ ಕಲಬೆರಕೆ ಆಗಿದ್ರೆ ಬಿಯರ್ ಮಗ್ಗಿಗಿಂತ ಕಷ್ಟ. ತಾಮ್ರ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಡಬೇಡ, ಕಿಲುಬು ಬರುತ್ತೆ, ಕಲಾಯಿ ಹಾಕಿಸು ಅಂತ ಅಜ್ಜಿ ಬೈತಿದ್ದಿದ್ದೂ ಇದೇ ರಸಾಯನಶಾಸ್ತ್ರ, ಆದ್ರೆ ಕಲಾಯಿಯವನು ಹಾಕಿದ್ದು ಶುದ್ಧ ತವರನಾ ಅನ್ನೋದೂ ನೋಡ್ಬೇಕು.

ಮಗ್ಗಿಗೆ ಬರೋಣ. ಸೀಸ ಎಷ್ಟಿದೆ ಅಂತ ಸರಿಯಾಗಿ ಹೇಳೋದು ಎಕ್ಸ್‌ಆರ್‌ಎಫ್ ಮಷೀನು, ಒಡವೆ ಅಂಗಡಿಯಲ್ಲಿ ಚಿನ್ನದ ಕ್ಯಾರೆಟ್ ನೋಡೋಕೆ ಇಟ್ಟಿರ್ತಾರಲ್ಲ ಅದೇ ಜಾತಿದು. ಹಳೇ ಸಾಮಾನು ಕೂಡಿಡೋರ ಹತ್ರ ಇನ್ನೊಂದು ನಾಟಿ ಉಪಾಯ ಇದೆ, ಬಿಳೀ ಹಾಳೆ ಮೇಲೆ ಉಜ್ಜಿ ನೋಡೋದು, ಸೀಸ ಜಾಸ್ತಿ ಇದ್ರೆ ಪೆನ್ಸಿಲ್ ಥರ ಗೆರೆ ಮೂಡುತ್ತೆ. ಗೆರೆ ಮೂಡಲಿಲ್ಲ ಅಂದ್ರೆ ಸೀಸ ಇಲ್ಲ ಅಂತ ಮಾತ್ರ ಅಂದ್ಕೋಬಾರ್ದು. ಕ್ಯಾಲೆಂಡರ್ ಹಾಳೆ ಹರಿದು ಹಿಂದುಗಡೆ ಮಗ್ಗಿನ ತಳದ ಅಂಚನ್ನ ಎಳೆದೆ. ದಪ್ಪಗೆ, ಬೂದು ಬಣ್ಣದ ಗೆರೆ, ಅದರಲ್ಲಿ ಕಿರಾಣಿ ಪಟ್ಟಿನೇ ಬರೀಬಹುದಿತ್ತು.

ಭಾವ ಸ್ವಲ್ಪ ಹೊತ್ತು ಮುಖ ಸಣ್ಣ ಮಾಡ್ಕೊಂಡು ಕೂತಿದ್ರು. ಆಮೇಲೆ ಮಗ್ಗಿಗೆ ಬಿಯರ್ ಸುರಿದು, ನೊರೆ ಕಾಣೋ ಹಾಗೆ ಹಿಡ್ಕೊಂಡು ನನ್ನ ಕೈಲಿ ಫೋಟೋ ತೆಗೆಸಿ, ಅದನ್ನ ಸಿಂಕಿಗೆ ಚೆಲ್ಲಿ, ಬಾಟ್ಲಿಯಲ್ಲಿ ಉಳಿದಿದ್ದನ್ನ ಸ್ಟೀಲ್ ಲೋಟಕ್ಕೆ ಹಾಕ್ಕೊಂಡ್ರು.