ಹೆಪ್ಪಾಗದ ಹಾಲು

ಜಗಳೂರು ಕಡೆಯ ನಮ್ಮೂರಲ್ಲಿ ಒಮ್ಮೆ ಅವ್ವ ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಿಗ್ಗೆಯೂ ಹಾಲಾಗಿಯೇ ಇತ್ತು. ಪಕ್ಕದ ಮನೆಯಿಂದ ಹುಳಿ ಮಜ್ಜಿಗೆ ತಂದು ಮತ್ತೆ ಹಾಕಿದಳು. ಊಹೂಂ, ಆಗಲಿಲ್ಲ. ಯಾರದ್ದೋ ಕಣ್ಣು ಬಿದ್ದಿದೆ ಅಂದಳು ಅಜ್ಜಿ. ನಿಜವಾಗಿ ಆಗಿದ್ದು ಇಷ್ಟೇ: ಹಿಂದಿನ ದಿನ ಹಸುವಿಗೆ ಕೆಚ್ಚಲು ಬಾವು ಅಂತ ಆಂಟಿಬಯೋಟಿಕ್ ಇಂಜೆಕ್ಷನ್ ಹಾಕಿಸಿದ್ದೆವು. ಹಾಲಿಗೆ ಇಳಿದ ಔಷಧಿ ಹೆಪ್ಪಿನ ಬ್ಯಾಕ್ಟೀರಿಯಾವನ್ನೇ ಕೊಂದಿತ್ತು. ಹಾಲು ಕಾಯಿಸಿದರೂ ಇಂಥ ಔಷಧಿ ಪೂರ್ತಿ ಹೋಗುವುದಿಲ್ಲ.

ತಮಾಷೆ ಅಂದರೆ, ದನಗಳಿಗೆ ಹಾಕುವ ಆಂಟಿಬಯೋಟಿಕ್ ಬಗ್ಗೆ ಮೊದಮೊದಲು ತಕರಾರು ಬಂದದ್ದೂ ಇದೇ ರೀತಿ. 1940ರ ದಶಕದಲ್ಲಿ ಪಶ್ಚಿಮದ ದೇಶಗಳಲ್ಲಿ ಪೆನಿಸಿಲಿನ್ ಅನ್ನು ನೇರವಾಗಿ ಕೆಚ್ಚಲಿಗೇ ಏರಿಸುವುದು ಶುರುವಾಯಿತು. ಸ್ವಲ್ಪ ದಿನಕ್ಕೇ ಚೀಸ್ ಮಾಡುವವರು ಹಾಲು ಹುಳಿಯೇರುತ್ತಿಲ್ಲ ಎಂದು ತಲೆ ಕೆಡಿಸಿಕೊಂಡರು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು: ಔಷಧಿ ಕಡಿಮೆ ಪ್ರಮಾಣದಲ್ಲಿ ಸಿಕ್ಕರೆ ರೋಗಾಣು ಸಾಯುವುದಿಲ್ಲ, ಅದನ್ನು ತಡೆದುಕೊಳ್ಳುವುದನ್ನು ಕಲಿಯುತ್ತದೆ.

ಐದೇ ವರ್ಷಕ್ಕೆ ಜಗತ್ತು ಅದನ್ನೇ ಮಾಡಲು ಹೊರಟಿತು. ಅಮೆರಿಕದ ಲೆಡರ್ಲೆ ಕಂಪನಿಯ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಕೋಳಿಮರಿಗಳಿಗೆ ಬಿ12 ವಿಟಮಿನ್ ಹುಡುಕುತ್ತಿದ್ದರು. ಔರಿಯೋಮೈಸಿನ್ ಎಂಬ ಆಂಟಿಬಯೋಟಿಕ್ ತಯಾರಿಸಿದ ಮೇಲೆ ಉಳಿದ ಚರಟವನ್ನು ತಿನ್ನಿಸಿ ನೋಡಿದರು. ಮರಿಗಳು ದಬದಬ ಬೆಳೆದವು. ಬರೀ ವಿಟಮಿನ್ನಿನಿಂದ ಅಲ್ಲ, ಚರಟದಲ್ಲಿ ಉಳಿದಿದ್ದ ಚೂರು ಔಷಧಿಯಿಂದಲೂ ಅಂತ ಆಮೇಲೆ ಗೊತ್ತಾಯಿತು. ಕಾಯಿಲೆಯೇ ಇಲ್ಲದ ಕೋಳಿ, ಹಂದಿಗಳಿಗೆ ದಿನಾ ಒಂದಿಷ್ಟು ಔಷಧಿ ಬೆರೆಸಿದ ಮೇವು ರೂಢಿಯಾಯಿತು. ಬ್ರಿಟನ್ನಿನ ಸ್ವಾನ್ ಸಮಿತಿ 1969ರಲ್ಲೇ ಇದರ ವಿರುದ್ಧ ಹೇಳಿತು. ಸ್ವೀಡನ್ 1986ರಲ್ಲಿ ನಿಲ್ಲಿಸಿತು, ಯುರೋಪಿಯನ್ ಒಕ್ಕೂಟ ಪೂರ್ತಿ ನಿಲ್ಲಿಸಿದ್ದು 2006ರಲ್ಲಿ.

ನಮಗೆ ಇದು ದೂರದ ಕಥೆಯೇನಲ್ಲ. ದಾವಣಗೆರೆ ಸೀಮೆಯ ಮೆಕ್ಕೆಜೋಳದಲ್ಲಿ ದೊಡ್ಡ ಪಾಲು ಹೋಗುವುದು ಕೋಳಿಗಳ ಹೊಟ್ಟೆಗೆ ತಾನೇ? ಕೋಳಿ ಮೇವಿಗೆ ಬೆರೆಯುತ್ತಿದ್ದ ಔಷಧಿಗಳಲ್ಲಿ ಕೊಲಿಸ್ಟಿನ್ ಒಂದು. ಬೇರೆ ಯಾವುದೂ ಕೆಲಸ ಮಾಡದಾಗ ಐಸಿಯು ರೋಗಿಗೆ ಕೊನೆಗೆ ಕೊಡುವ ಔಷಧಿ ಅದು! ಬ್ಯಾಕ್ಟೀರಿಯಾ ಅದಕ್ಕೂ ಬಗ್ಗದಂತೆ ಮಾಡುವ ಜೀನ್ ಒಂದು ಚೀನಾದ ಹಂದಿಗಳಲ್ಲಿ, ಮಾಂಸದಲ್ಲಿ ಸಿಕ್ಕಿದೆ ಎಂದು 2015ರಲ್ಲಿ ವರದಿಯಾಯಿತು. ಆ ಜೀನ್ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ, ಬೇರೆ ಜಾತಿಯದಕ್ಕೂ, ಕೈ ಬದಲಾಗಿ ಹೋಗಬಲ್ಲದು. ಭಾರತ 2019ರಲ್ಲಿ ಸಾಕುಪ್ರಾಣಿಗಳ ಮೇವಿನಲ್ಲಿ ಕೊಲಿಸ್ಟಿನ್ ನಿಷೇಧಿಸಿತು.

ಚಳ್ಳಕೆರೆ, ಹಿರಿಯೂರು ಕಡೆಯ ಕುರಿಗಾರರದ್ದು ಬೇರೆಯೇ ಫಜೀತಿ. ಮಂದೆ ಹೊಲದಿಂದ ಹೊಲಕ್ಕೆ ಹೋಗುತ್ತಿರುತ್ತದೆ, ಡಾಕ್ಟರು ಎಲ್ಲಿ ಸಿಗಬೇಕು? ಚೀಲದಲ್ಲೇ ಸಿರಿಂಜು, ಬಾಟಲಿ ಇಟ್ಟುಕೊಂಡವರನ್ನು ನಾನು ನೋಡಿದ್ದೇನೆ. ಒಂದು ಡೋಸ್, ಕುರಿ ಎದ್ದು ನಿಂತರೆ ಅಲ್ಲಿಗೆ ಮುಗಿಯಿತು. ಆದರೆ ಕುರಿಗಳಿಗೆ ಬರುವ ನೀಲಿ ನಾಲಿಗೆ, ಪಿಪಿಆರ್ (ಕುರಿ-ಮೇಕೆಗಳ ಪ್ಲೇಗ್) ಎರಡೂ ವೈರಸ್ ಕಾಯಿಲೆ. ವೈರಸ್ಸಿಗೆ ಆಂಟಿಬಯೋಟಿಕ್ ನಾಟುವುದಿಲ್ಲ. ಮೊದಲೇ ಲಸಿಕೆ ಹಾಕಿಸಬೇಕು, ಅಷ್ಟೇ.

ಕೊಟ್ಟಿಗೆಯ ಲೆಕ್ಕ ಇನ್ನೂ ಕಷ್ಟ. 1970ರಲ್ಲಿ ಶುರುವಾದ, ದೇಶದ ಹಾಲು ಹೆಚ್ಚಿಸುವ ಆಪರೇಷನ್ ಫ್ಲಡ್ ಯೋಜನೆ ಹಾಲಿಗೆ ಮಾರುಕಟ್ಟೆ ತಂತು, ಜೊತೆಗೆ ಸೀಮೆ ಹಸುಗಳು ಜಾಸ್ತಿಯಾದವು. ಹಾಲು ಹೆಚ್ಚು, ಕೆಚ್ಚಲು ಬಾವೂ ಹೆಚ್ಚು. ಒದ್ದೆ ನೆಲ, ತೊಳೆಯದ ಕೈ, ಪೂರ್ತಿ ಹಿಂಡದೆ ಬಿಟ್ಟ ಹಾಲು, ಕಾರಣಗಳೆಲ್ಲ ಕಣ್ಣೆದುರೇ ಇರುತ್ತವೆ. ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚುವ ಮದ್ದನ್ನು ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿಯೇ ಈಗ ಹೇಳಿಕೊಡುತ್ತಿದೆ. ಆದರೂ ಬೆಳಗಾಗುವಷ್ಟರಲ್ಲಿ ಬಾವು ಇಳಿಯಬೇಕು ಅನ್ನುವವನಿಗೆ ಇಂಜೆಕ್ಷನ್ನೇ ಬೇಕು.

ಇಂಜೆಕ್ಷನ್ ಹಾಕಿದ ಮೇಲೆ ಎಷ್ಟು ದಿನ ಹಾಲು ಮಾರಬಾರದು ಎಂದು ಲೇಬಲ್ ಮೇಲೆ ಬರೆದಿರಬೇಕು, 2012ರಿಂದ ಇದು ನಿಯಮ. ಔಷಧಿಗೆ ಬೇರೆ ಅವಧಿ ಗೊತ್ತುಮಾಡಿಲ್ಲದಿದ್ದರೆ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ದಿನಕ್ಕೆ 10 ಲೀಟರ್ ಕೊಡುವ ಹಸುವಾದರೆ 70 ಲೀಟರ್ ಹಾಲು ಚೆಲ್ಲಬೇಕು. ಹಿಂಡಿ ಅಂಗಡಿಯ ಬಾಕಿ ಯಾರು ಕಟ್ಟುತ್ತಾರೆ? ಊರ ಡೈರಿಯಲ್ಲಿ ದರ ಸಿಗುವುದು ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನ ಅಂಶ) ನೋಡಿ. ಯಾವ ಹಸುವಿಗೆ ನಿನ್ನೆ ಏನು ಹಾಕಿಸಿದರು ಅನ್ನುವುದು ಆ ಚೀಟಿಯಲ್ಲಿ ಬರುವುದಿಲ್ಲ.

ಅವತ್ತು ಅವ್ವ ಹೆಪ್ಪಾಗದ ಹಾಲನ್ನು ತಿಪ್ಪೆಗೆ ಸುರಿದಳು. ಸಂಜೆ ಅದೇ ಹಸುವಿನ ಹಾಲನ್ನು ನಾನೇ ಕ್ಯಾನಿಗೆ ಹುಯ್ದುಕೊಂಡು ಡೈರಿಗೆ ಹಾಕಿ ಬಂದೆ. ಫ್ಯಾಟ್ ಚೆನ್ನಾಗಿಯೇ ಬಂದಿತ್ತು.